‘ಗುರಿ ನೋಡು’ ಅಂದರೆ ಎಲ್ಲಿ ನೋಡಬೇಕು?

ಪಿಸ್ತೂಲು ಶೂಟಿಂಗ್ ಕಲಿಯಲು ಬರುವ ಹೊಸಬರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. 10 ಮೀಟರ್ ಏರ್ ಪಿಸ್ತೂಲಿಗೆ, ಅಂದರೆ ಗಾಳಿಯ ಒತ್ತಡದ ಪಿಸ್ತೂಲಿನಿಂದ 10 ಮೀಟರ್ ದೂರಕ್ಕೆ ಹೊಡೆಯುವ ಸ್ಪರ್ಧೆಗೆ ಮಾತ್ರ. ಕೆಲವು ಕಡೆ ಪದ ಸಿಗದೆ ನಿಂತಿದ್ದೇನೆ, ಬಲ್ಲವರು ಹೇಳಿ.

ಮೊದಲು ‘ಗುರಿ’. ನಾವು ಹೊಡೆಯುವ ಹಲಗೆಯೂ ಗುರಿ, ಅದಕ್ಕೆ ನೇರವಾಗಿ ಪಿಸ್ತೂಲು ಹಿಡಿಯುವುದೂ ಗುರಿ. ಮಾಮೂಲಿ ಮಾತಿನಲ್ಲಿ ಇದರಿಂದ ತೊಂದರೆಯಿಲ್ಲ, ರೇಂಜಿನಲ್ಲಿ ಇದೆ. ‘ಗುರಿ ನೋಡಿ ಹೊಡಿ’ ಅಂದರೆ ಹುಡುಗರು ದೂರದ ಕಪ್ಪು ವೃತ್ತವನ್ನೇ ದಿಟ್ಟಿಸುತ್ತಾರೆ. ಕಣ್ಣು ನೆಡಬೇಕಾದ್ದು ನಳಿಗೆಯ ತುದಿಯಲ್ಲಿ ನಿಂತಿರುವ ಚಿಕ್ಕ ಕಡ್ಡಿ, ಅಂದರೆ ಫ್ರಂಟ್ ಸೈಟ್ ಮೇಲೆ. ಅದು ಚೆನ್ನಾಗಿ ಕಾಣಬೇಕು, ವೃತ್ತ ಮಸುಕಾಗಿದ್ದರೂ ಪರವಾಗಿಲ್ಲ. ಲೆಕ್ಕ ನೋಡಿ: ಈ ಮುಂದಿನ ಸೈಟಿಗೂ, ನಮ್ಮ ಕಣ್ಣಿನ ಕಡೆ ಇರುವ ಕಚ್ಚಿನಂಥ ಹಿಂದಿನ ಸೈಟಿಗೂ ಸುಮಾರು 35 ಸೆಂಟಿಮೀಟರ್ ಅಂತರ. ಕೈ ಇಡಿಯಾಗಿ 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡೂ ಅಷ್ಟೇ ಸರಿಯುತ್ತದೆ. ಆದರೆ ಹಿಂದಿನ ಸೈಟಿನ ನಡುವಿನಿಂದ ಮುಂದಿನದು 1 ಮಿಲಿಮೀಟರ್ ಆಚೀಚೆಯಾದರೆ, ಹಲಗೆಯ ಮೇಲೆ ಅದು ಹೆಚ್ಚೂಕಡಿಮೆ 28 ಮಿಲಿಮೀಟರ್! ಹಲಗೆಯ ನಡುವಿನ, ಹತ್ತು ಅಂಕದ ವೃತ್ತದ ಅಗಲವೇ 11.5 ಮಿಲಿಮೀಟರ್. ನಡುಮಧ್ಯಕ್ಕೆ ಬೀಳಬೇಕಿದ್ದ ಗುಂಡು ಏಳಕ್ಕೆ ಹೋಗುತ್ತದೆ.

ಹಾಗಾಗಿ ‘ಗುರಿ’ಯನ್ನು ಹಲಗೆಗೇ ಬಿಟ್ಟು, ಸೈಟಿಗೆ ಬೇರೆ ಹೆಸರು ಕೊಡೋಣ ಅನ್ನಿಸಿದೆ. ಹಿಂದಿನದಕ್ಕೆ ‘ಕಚ್ಚು’ ಸರಿಹೋಗುತ್ತದೆ, ಇರುವುದೂ ಕಚ್ಚೇ ಅಲ್ವಾ. ಮುಂದಿನದಕ್ಕೆ ‘ಮುಂಗಡ್ಡಿ’ ಅಂತ ಕಟ್ಟಿದ್ದೇನೆ. ‘ಮುಂಗಡ್ಡಿ ನೋಡು’ ಅಂದರೆ ಕಿವಿಗೆ ವಿಚಿತ್ರವಾಗಿ ಕೇಳುತ್ತದೆಯೇ? ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರಲ್ಲ, ಅಲ್ಲಿನ ಹಿರಿಯರು ಕೋವಿಯ ತುದಿಯ ಈ ಭಾಗಕ್ಕೆ ಏನನ್ನುತ್ತಾರೆ? ಬಳಕೆಯಲ್ಲಿರುವ ಪದ ಸಿಕ್ಕರೆ ನನ್ನದನ್ನು ಖುಷಿಯಿಂದ ಬಿಡುತ್ತೇನೆ.

ಇನ್ನು ಟ್ರಿಗರ್. ಕೋವಿಯಲ್ಲಿ ‘ಕುದುರೆ’ ಅನ್ನುವುದುಂಟು. ಅದು ಬೆರಳಿಡುವ ಭಾಗವೋ, ಮೇಲಿನ ಸುತ್ತಿಗೆಯೋ? ಹೆಸರು ಟ್ರಿಗರ್ ಅಂತಲೇ ಇರಲಿ ಬಿಡಿ, ನನಗೆ ಬೇಕಿರುವುದು ಕ್ರಿಯಾಪದ. ‘ಎಳೆ’ ಅಂದರೆ ಜಗ್ಗಿಬಿಡುತ್ತಾರೆ. ‘ಒತ್ತು’ ಅಂದರೆ ಲೈಟಿನ ಸ್ವಿಚ್ಚಿನ ಹಾಗೆ ಟಕ್ ಅನ್ನಿಸುತ್ತಾರೆ. ‘ಹಿಂಡು’ ಅಂತೂ ಬೇಡವೇ ಬೇಡ, ಇಡೀ ಮುಷ್ಟಿ ಬಿಗಿಯಾಗುತ್ತದೆ. ಬಲಗೈಯವರಾದರೆ ಗುಂಡು ಸಾಮಾನ್ಯವಾಗಿ ಕೆಳಗೆ ಎಡಕ್ಕೆ ಬೀಳುತ್ತದೆ. ನಿಯಮದ ಪ್ರಕಾರ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು. ಆ ಭಾರವನ್ನು ತೋರುಬೆರಳೊಂದೇ, ನೇರ ಹಿಂದಕ್ಕೆ, ಸ್ವಲ್ಪಸ್ವಲ್ಪವಾಗಿ ಏರಿಸುತ್ತಾ ಹೋಗಬೇಕು. ‘ಮೆಲ್ಲಗೆ ಅದುಮು’ ನನಗೆ ಹತ್ತಿರ ಅನ್ನಿಸುತ್ತದೆ. ಆದರೆ ಅದರಲ್ಲಿ ‘ಹಿಂದಕ್ಕೆ’ ಅನ್ನುವ ದಿಕ್ಕು ಇಲ್ಲ.

ಖಾಲಿ ಪಿಸ್ತೂಲಿನಲ್ಲಿ ಮಾಡುವ ಅಭ್ಯಾಸಕ್ಕೆ ‘ಖಾಲಿ ಹೊಡೆತ’ ಸಾಕು, ಅದರಲ್ಲಿ ಚರ್ಚೆಯೇನಿಲ್ಲ.

ಕಡೆಯದು ಫಾಲೋ ಥ್ರೂ. ಕ್ರಿಕೆಟ್ಟಿನಿಂದ ಎಲ್ಲರಿಗೂ ಗೊತ್ತಿರುವ ಪದ, ತೊಡಕೂ ಅಲ್ಲೇ. ಅಲ್ಲಿ ಚೆಂಡು ಕೈಬಿಟ್ಟ ಮೇಲೂ ತೋಳು ಓಡುತ್ತಿರುತ್ತದೆ. ಇಲ್ಲಿ ಗುಂಡು ಹೊರಟ ಮೇಲೂ ಕೈ, ಕಣ್ಣು, ಬೆರಳು ಒಂದೆರಡು ಸೆಕೆಂಡು ಹಾಗೇ ಇರಬೇಕು. ಎಷ್ಟು ಬಿತ್ತು ಅಂತ ನೋಡುವ ಆತುರಕ್ಕೆ ತಕ್ಷಣ ತಲೆಯೆತ್ತುವವರೇ ಜಾಸ್ತಿ. ‘ನಿಲುಗಡೆ’ ಅಂದರೆ ಬಸ್‌ಸ್ಟಾಪ್ ಆಗಿಬಿಡುತ್ತದೆ. ಹಿಂದೆ ನಿಂತ ಕೋಚ್ ಮೆಲುದನಿಯಲ್ಲಿ ಒಂದೇ ಉಸಿರಿಗೆ ಹೇಳುವಷ್ಟು ಚಿಕ್ಕ ಮಾತು ಯಾವುದಾದರೂ ಹೊಳೆದರೆ ತಿಳಿಸಿ.