ಅಪ್‌ಡೇಟ್: ಪ್ರಯಾಣದಲ್ಲಿ ತೊಡೆಸಂದಿನ ಉರಿ, ತುರಿಕೆ

ಕೆಲಸದ ಮೇಲೆ ಮಂಗಳೂರು, ಕಾರವಾರದ ಕಡೆಗೆ ರಾತ್ರಿ ಬಸ್ಸಿನಲ್ಲಿ ಓಡಾಡುವಾಗ ತೊಡೆಸಂದಿನಲ್ಲಿ ಉರಿ, ತುರಿಕೆ ಉಂಟಾಗುತ್ತದೆ, ತಡೆಯುವುದು ಹೇಗೆಂದು ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಕೃತಜ್ಞತೆಗಳು.

ಚರ್ಮವೈದ್ಯರು ಪರೀಕ್ಷಿಸಿ, ಇದು ಬೆವರು ಮತ್ತು ಉಜ್ಜುವಿಕೆಯಿಂದಾದದ್ದೇ ಹೊರತು ಹುಳುಕಡ್ಡಿಯಲ್ಲ (ಶಿಲೀಂಧ್ರದ ಸೋಂಕಲ್ಲ) ಎಂದರು. ಹುಳುಕಡ್ಡಿಯಾದರೆ ಸಾಮಾನ್ಯವಾಗಿ ಅಂಚು ಕೆಂಪಾಗಿ ಉಬ್ಬಿ ಹೊರಕ್ಕೆ ಹರಡುತ್ತದೆ, ನಡುಭಾಗ ತಿಳಿಯಾಗುತ್ತದೆ.

ಈಗ ಹೊರಡುವ ಮುನ್ನ ಸ್ನಾನ ಮಾಡಿ, ತೊಡೆಸಂದನ್ನು ಉಜ್ಜದೆ ಒತ್ತಿ ಒರೆಸಿ, ಪೂರ್ತಿ ಆರಿದ ಮೇಲೆ ವ್ಯಾಸಲಿನ್ ತೆಳುವಾಗಿ ಸವರಿ, ಜೀನ್ಸ್ ಬದಲು ಸಡಿಲವಾದ ಹತ್ತಿಯ ಪ್ಯಾಂಟ್ ಧರಿಸುತ್ತೇನೆ. ಚಡ್ಡಿ ಬೆವರಿನಿಂದ ತೊಯ್ದರೆ ಊಟಕ್ಕೆ ಬಸ್ ನಿಲ್ಲಿಸಿದಲ್ಲೇ ಬದಲಿಸುತ್ತೇನೆ. ಹೆಚ್ಚಿನ ಗುಣ ಕಂಡದ್ದು ಇದರಿಂದಲೇ. ಕರಾವಳಿಯ ಮಳೆಗಾಲದಲ್ಲಿ ಲಾಡ್ಜ್ ಕೋಣೆಯಲ್ಲಿ ಒಗೆದು ಹರವಿದ ಚಡ್ಡಿ ಬೆಳಗಾದರೂ ಸೊಂಟದ ಪಟ್ಟಿಯ ಬಳಿ ಹಸಿಯಾಗಿಯೇ ಇರುವುದರಿಂದ, ಸಾಕಷ್ಟು ಜೊತೆ ಮನೆಯಿಂದಲೇ ಒಯ್ಯುವುದು ಒಳ್ಳೆಯದು.

ಸ್ಟಿರಾಯ್ಡ್ ಬೆರೆತ ಮುಲಾಮನ್ನು ಔಷಧಿ ಅಂಗಡಿಯಲ್ಲಿ ಕೇಳಿ ಹಚ್ಚಿ ಎಂದು ಉತ್ತರಗಳಲ್ಲಿ ಬಂದ ಸಲಹೆಯನ್ನು ಮಾತ್ರ ದಯವಿಟ್ಟು ಯಾರೂ ಪಾಲಿಸಬೇಡಿ. ಕ್ಲೊಬೆಟಾಸಾಲ್‌ನಂಥ ಸ್ಟಿರಾಯ್ಡ್‌ಗಳು ತುರಿಕೆಯನ್ನು ಬೇಗ ಅಡಗಿಸುತ್ತವೆ. ಆದರೆ ಶಿಲೀಂಧ್ರವಿದ್ದರೆ ಅದು ಇನ್ನಷ್ಟು ಹರಡುತ್ತದೆ, ಮೊದಲೇ ತೆಳುವಾದ ಅಲ್ಲಿನ ಚರ್ಮ ಮತ್ತಷ್ಟು ತೆಳುವಾಗಿ ಗೆರೆ ಬೀಳಬಹುದು. ಪಾದದಲ್ಲಿ ಶಿಲೀಂಧ್ರದ ಸೋಂಕಿರುವವರು, ಅದು ತೊಡೆಸಂದಿಗೆ ಹರಡದಂತೆ, ಚಡ್ಡಿಗಿಂತ ಮೊದಲು ಸಾಕ್ಸ್ ಹಾಕಿಕೊಳ್ಳಬೇಕು, ಕಾಲಿಗೆ ಬೇರೆಯೇ ಟವೆಲ್ ಇಟ್ಟುಕೊಳ್ಳಬೇಕು ಎಂದೂ ವೈದ್ಯರು ತಿಳಿಸಿದರು.