ಬೈಯುವುದನ್ನು ಬಿಟ್ಟ ಮೇಲೂ ಸಿಬ್ಬಂದಿ ತಪ್ಪನ್ನು ಮುಚ್ಚಿಡುವುದೇಕೆ?

ಪ್ರಶ್ನೆ — ಶಾಖಾ ವ್ಯವಸ್ಥಾಪಕ

ಸಹಕಾರಿ ಬ್ಯಾಂಕೊಂದರ ತಾಲ್ಲೂಕು ಶಾಖೆಯಲ್ಲಿ ಎರಡು ವರ್ಷಗಳಿಂದ ವ್ಯವಸ್ಥಾಪಕನಾಗಿದ್ದೇನೆ. ಸಿಬ್ಬಂದಿ ಏಳು ಮಂದಿ. ನನ್ನದು ಮೊದಲಿನಿಂದಲೂ ಮುಂಗೋಪ. ಒಮ್ಮೆ ಗ್ರಾಹಕರ ಎದುರಿಗೇ ಕ್ಯಾಷಿಯರನ್ನು ಗದರಿದ ಮೇಲೆ, ಇನ್ನು ದನಿ ಏರಿಸಬಾರದೆಂದು ನಿಶ್ಚಯಿಸಿದೆ ಮತ್ತು ಒಂದು ವರ್ಷದಿಂದ ಹಾಗೆಯೇ ನಡೆದುಕೊಂಡು ಬಂದಿದ್ದೇನೆ. ಸಿಟ್ಟು ಬಂದರೆ ಮಾತು ನಿಲ್ಲಿಸಿ, ಎದುರಿಗಿರುವ ಕಡತವನ್ನು ನೋಡುತ್ತ ಕೂರುತ್ತೇನೆ.

ಕಳೆದ ತಿಂಗಳು ಒಂದು ಸಂಜೆ ನಗದು ಶಿಲ್ಕಿನಲ್ಲಿ 4,500 ರೂಪಾಯಿ ಕಡಿಮೆ ಬಂದಿತ್ತಂತೆ. 500 ರೂಪಾಯಿ ಕೊಡಬೇಕಾದ ಕಡೆ 5,000 ಹೋಗಿತ್ತು. ಅದೇ ಕ್ಯಾಷಿಯರ್ ಆ ಮೊತ್ತವನ್ನು ತಮ್ಮ ಕೈಯಿಂದ ತುಂಬಿ ಲೆಕ್ಕ ತಾಳೆ ಮಾಡಿದ್ದರು. ನಾಲ್ಕು ದಿನಗಳ ಬಳಿಕ ಆ ಗ್ರಾಹಕರೇ ಬಂದು ಹಣ ಹಿಂದಿರುಗಿಸಿದಾಗ ನನಗೆ ವಿಷಯ ಗೊತ್ತಾಯಿತು. ಕೇಳಿದರೆ, "ನಿಮಗ್ಯಾಕೆ ತೊಂದರೆ ಅಂತ, ಸರ್" ಎಂದರು. ಒಂದು ವರ್ಷ ನಾಲಿಗೆಯನ್ನು ಬಿಗಿಹಿಡಿದದ್ದಕ್ಕೆ ಇದೇ ಫಲವೇ?

ಉತ್ತರ — ಮನಶ್ಶಾಸ್ತ್ರದ ಉಪನ್ಯಾಸಕಿ

ಸಿಟ್ಟನ್ನು ಅದುಮುವುದು ಬೇರೆ, ಅದು ಏಕೆ ಬಂತೆಂದು ತಿಳಿದು ಅದರ ದಿಕ್ಕು ಬದಲಿಸುವುದು ಬೇರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಗ್ರಾಸ್ 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಅಸಹ್ಯ ಹುಟ್ಟಿಸುವ ದೃಶ್ಯಗಳನ್ನು ನೋಡುವಾಗ ಭಾವವನ್ನು ಮುಖದಲ್ಲಿ ತೋರಗೊಡಬೇಡಿ ಎಂದು ಸೂಚಿಸಲಾದವರ ಮುಖವೇನೋ ಶಾಂತವಾಗಿತ್ತು; ಒಳಗಿನ ಅಸಹ್ಯ ಮಾತ್ರ ತಗ್ಗಲಿಲ್ಲ, ದೇಹದ ಉದ್ವೇಗ ಇನ್ನಷ್ಟು ಏರಿತು. ಗ್ರಾಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನವಂತೂ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಇಬ್ಬರು ಅಪರಿಚಿತರು ಮಾತನಾಡುವಾಗ ಒಬ್ಬರು ತಮ್ಮ ಭಾವವನ್ನು ಬಚ್ಚಿಟ್ಟರೆ, ಎದುರಿಗೆ ಕುಳಿತವರ ರಕ್ತದೊತ್ತಡ ಏರುತ್ತಿತ್ತು. ನಿಮ್ಮ ಮೌನ ನಿಮಗೆ ಸಂಯಮವೆಂದು ತೋರಬಹುದು, ಆದರೆ ಮೇಜಿನ ಆಚೆ ನಿಂತವರಿಗೆ ಅದು ಉತ್ತರ ಗೊತ್ತಿಲ್ಲದ ಪ್ರಶ್ನೆ.

ಉತ್ತರ — ನಿವೃತ್ತ ಅಕೌಂಟೆಂಟ್

ಮೂವತ್ತು ವರ್ಷ ಕೌಂಟರಿನ ಹಿಂದೆ ಕುಳಿತವನ ಮಾತು ಇದು. ನಮ್ಮ ಒಬ್ಬ ಮ್ಯಾನೇಜರ್ ಎಂದೂ ಬೈದವರಲ್ಲ. ಸಿಟ್ಟು ಬಂದರೆ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು. ಆ ಟಿಕ್ ಟಿಕ್ ಸದ್ದು ಕೇಳಿದ ಕೂಡಲೇ ಅಟೆಂಡರ್ ಹೊರಬಂದು, "ಈಗ ಹೋಗಬೇಡಿ" ಎಂದು ಕಣ್ಣಲ್ಲೇ ಹೇಳುತ್ತಿದ್ದ, ನಾವು ವೋಚರ್‌ಗಳನ್ನು ಮರುದಿನಕ್ಕೆ ಎತ್ತಿಡುತ್ತಿದ್ದೆವು. (ಶಾಖೆಯ ಹವಾಮಾನ ಅಟೆಂಡರ್‌ಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.) ಆ ಸದ್ದು ನಮ್ಮೆಲ್ಲರಿಗೂ ಕೇಳುತ್ತಿತ್ತು, ಅವರಿಗೆ ಮಾತ್ರ ಕೊನೆಯವರೆಗೂ ಕೇಳಿಸಲಿಲ್ಲ. ನಿಮ್ಮ ಕಡತವೂ ಅಂಥದ್ದೇ ಇರಬೇಕೆಂದು ನನ್ನ ಅನುಮಾನ.

ಇನ್ನೊಂದು ವಿಷಯ. ನೀವು ಗದರಿದ್ದು ಗ್ರಾಹಕರ ಎದುರು, ತಿದ್ದಿಕೊಂಡದ್ದು ನಿಮ್ಮ ಮನಸ್ಸಿನೊಳಗೆ. ನಡುವೆ ಆ ಕ್ಯಾಷಿಯರ್‌ಗೆ ನೀವು ಏನಾದರೂ ಹೇಳಿದ್ದಿರಾ? ಪ್ರಶ್ನೆಯಲ್ಲಿ ಅದರ ಪ್ರಸ್ತಾಪವೇ ಇಲ್ಲ.

ಉತ್ತರ — ಕೌಂಟರಿನ ಈಚೆಯಿಂದ ಒಬ್ಬ ಕ್ಯಾಷಿಯರ್

ಎಲ್ಲವನ್ನೂ ವ್ಯವಸ್ಥಾಪಕರ ಸ್ವಭಾವಕ್ಕೆ ಕಟ್ಟುವುದು ಸರಿಯಲ್ಲ. ಕೊರತೆಯ ಹಣ ಹೇಗೂ ಕ್ಯಾಷಿಯರ್ ಜೇಬಿನಿಂದಲೇ ಹೋಗುವ ಕಡೆ, ಮೇಲೆ ಒಂದು ವಿವರಣೆ ಪತ್ರವನ್ನೂ ಬರೆಯಬೇಕೆಂದರೆ, ಮೇಲಧಿಕಾರಿ ಎಷ್ಟೇ ಶಾಂತ ಸ್ವಭಾವದವರಾದರೂ ನಾನು ತೆಪ್ಪಗೆ ತುಂಬಿ ಮನೆಗೆ ಹೋಗುತ್ತೇನೆ.

ಉತ್ತರ — ಆಸ್ಪತ್ರೆಯ ಶುಶ್ರೂಷಾ ಮೇಲ್ವಿಚಾರಕಿ

ಮೇಲಿನವರ ಮಾತು ಅರ್ಧ ನಿಜ. ನಿಯಮ ಒಂದೇ ಆಗಿದ್ದರೂ ಒಂದು ವಾರ್ಡಿನಲ್ಲಿ ತಪ್ಪು ಹೊರಬರುತ್ತದೆ, ಪಕ್ಕದ ವಾರ್ಡಿನಲ್ಲಿ ಬರುವುದಿಲ್ಲ. ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧ ನೀಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದೇ ವಿಚಿತ್ರ ಕಾಣುತ್ತದೆ. ಒಳ್ಳೆಯ ನಾಯಕತ್ವವಿದ್ದ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕೆಂದು ಅವರು ಎಣಿಸಿದ್ದರು. ಲೆಕ್ಕಕ್ಕೆ ಸಿಕ್ಕ ತಪ್ಪುಗಳು ಅಲ್ಲಿಯೇ ಹೆಚ್ಚಾಗಿದ್ದವು. ಆ ತಂಡಗಳು ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದವು, ಉಳಿದವು ಹೂತಿಡುತ್ತಿದ್ದವು ಎಂಬ ವಿವರಣೆಯತ್ತ ಅವರು ಬಂದರು. ನಮ್ಮ ವಾರ್ಡಿನಲ್ಲಿ ಯಾರಾದರೂ ತಪ್ಪನ್ನು ಹೇಳಲು ಬಂದಾಗ ನನ್ನ ಬಾಯಿಂದ ಹೊರಡುವ ಮೊದಲ ವಾಕ್ಯವನ್ನು ನಾನೀಗ ಗಮನಿಸುತ್ತೇನೆ. "ರೋಗಿ ಹೇಗಿದ್ದಾರೆ?" ಎಂದು ಶುರುವಾದರೆ ಉಳಿದ ವಿವರ ತಾನಾಗಿ ಬರುತ್ತದೆ, "ಯಾರು ಡ್ಯೂಟಿಯಲ್ಲಿದ್ದರು?" ಎಂದು ಶುರುವಾದರೆ ಅಲ್ಲಿಗೆ ಮಾತು ಮುಗಿಯುತ್ತದೆ. ಈಗಲೂ ಆಯಾಸವಾದ ದಿನಗಳಲ್ಲಿ ಎರಡನೆಯದೇ ಬಾಯಿಗೆ ಬರುತ್ತದೆ.

ಮರುನುಡಿ — ಶಾಖಾ ವ್ಯವಸ್ಥಾಪಕ

ಎಲ್ಲರಿಗೂ ವಂದನೆಗಳು. ಅಕೌಂಟೆಂಟ್ ಅವರ ಪ್ರಶ್ನೆಗೆ ಉತ್ತರ: ಏನೂ ಹೇಳಿರಲಿಲ್ಲ. ಬೈಯುವುದನ್ನು ನಿಲ್ಲಿಸಿದ್ದೇ ಕ್ಷಮೆ ಕೇಳಿದಂತಾಯಿತೆಂದು ನನ್ನಷ್ಟಕ್ಕೆ ಭಾವಿಸಿದ್ದೆ. ನಿನ್ನೆ ಸಂಜೆ ಲೆಕ್ಕ ಮುಗಿದ ಮೇಲೆ, ಕ್ಯಾಬಿನ್ನಿಗೆ ಕರೆಯದೆ, ಕೌಂಟರಿನ ಬಳಿಯೇ ಎಲ್ಲರೂ ಇರುವಾಗ ಆ ದಿನದ್ದು ನನ್ನ ತಪ್ಪು ಎಂದು ಹೇಳಿದೆ. ಕ್ಯಾಷಿಯರ್ ಏನೂ ಮಾತನಾಡಲಿಲ್ಲ, ನೋಟಿನ ಕಟ್ಟುಗಳನ್ನು ಜೋಡಿಸುತ್ತಲೇ ಇದ್ದರು. ಕೊರತೆ ಬಂದ ದಿನವೇ ಅದನ್ನು ದಾಖಲಿಸುವವರಿಂದ ವಿವರಣೆ ಪತ್ರ ಕೇಳಬಾರದೆಂದು ಮುಖ್ಯ ಕಚೇರಿಗೆ ಈ ದಿನ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.