ಅಪ್‌ಡೇಟ್: ರಾಣಿಪುರಂ ಬೆಟ್ಟದ ಆ ಗೂಡು ಹಕ್ಕಿಯದ್ದಲ್ಲ!

ಕಾಸರಗೋಡು ಜಿಲ್ಲೆಯ ರಾಣಿಪುರಂನಲ್ಲಿ ಮರದ ತುದಿಗೆ ದೊಡ್ಡ ಎಲೆಮುದ್ದೆ ಕಂಡಿದ್ದೆ, ಯಾವ ಹಕ್ಕಿಯ ಗೂಡು ಅಂತ ಹೋದ ತಿಂಗಳು ಕೇಳಿದ್ದೆನಲ್ಲ? ಮೊನ್ನೆ ಶನಿವಾರ ಬದಿಯಡ್ಕದಿಂದ ನಮ್ಮ ಶಾಲೆಯ 12 ಮಕ್ಕಳನ್ನು ಕರೆದುಕೊಂಡು ಮತ್ತೆ ಹೋಗಿದ್ದೆ.

"ಅದು ಕೆಂಜಳಿಲಿನ ಗೂಡಿರಬೇಕು, ಸುಮ್ನೆ ಕೂತು ಕಾಯಿರಿ" ಎಂದವರಿಗೆ ದೊಡ್ಡ ನಮಸ್ಕಾರ. ಕೆಂಜಳಿಲು ಅಂದರೆ ಮಲಬಾರ್ ದೈತ್ಯ ಅಳಿಲು. ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಆಮೇಲೆ ಕೊಂಬೆ ಅಲುಗಿತು. ಬೆಕ್ಕಿನಷ್ಟು ದೊಡ್ಡದು, ಕೆಂಗಂದು ಬೆನ್ನು, ಮೈಗಿಂತ ಉದ್ದದ ಬಾಲ! ಹಿಂಗಾಲಲ್ಲಿ ಕೊಂಬೆ ಹಿಡಿದು, ಬಾಲ ಇಳಿಬಿಟ್ಟು, ಮುಂಗೈಯಲ್ಲಿ ಕಾಯಿ ತಿನ್ನುತ್ತಿತ್ತು. ಬಾಲ ಬರೀ ಚೆಂದಕ್ಕಲ್ಲ, ತಕ್ಕಡಿಯ ಇನ್ನೊಂದು ತಟ್ಟೆಯ ಹಾಗೆ ತೂಕ ಸರಿದೂಗಿಸುತ್ತದೆ. ಒಂದೇ ಅಳಿಲು ಹತ್ತಿರ ಹತ್ತಿರ ಹಲವು ಗೂಡು ಕಟ್ಟುತ್ತದೆ. ಸುತ್ತ ಹುಡುಕಿದಾಗ ಮಕ್ಕಳಿಗೆ ಇನ್ನೂ ಎರಡು ಕಂಡವು.

ತೊರೆಯ ಹತ್ತಿರ ಯಾರೋ ಹುಡುಗ ಸಿಳ್ಳೆ ಹಾಕಿದಂತೆ ಕೇಳಿತು. ನಮ್ಮವರೇ ಅಂದುಕೊಂಡು ಗದರಿಸಿಬಿಟ್ಟೆ, ಪಾಪ. ಅದು ಸಿಳ್ಳಾರ ಹಕ್ಕಿ! ಕಪ್ಪು ಮೈ, ಹಣೆ ಮತ್ತು ಭುಜದಲ್ಲಿ ಹೊಳೆಯುವ ನೀಲಿ. ಭೀಮರಾಜ, ಪಿಕಳಾರಗಳೂ ಸಿಕ್ಕವು.

ಇಂಬಳ (ರಕ್ತ ಹೀರುವ ಕಾಡಿನ ಜಿಗಣೆ) ಜಾಸ್ತಿ ಇತ್ತು. ಕಚ್ಚಿದ್ದನ್ನು ಬಿಡಿಸಲು ನೀವು ಹೇಳಿದ ಉಪ್ಪಿನ ಗಂಟು ಕೆಲಸಕ್ಕೆ ಬಂತು.

ಮೇಲಿನ ಹುಲ್ಲುಗಾವಲಿನ ಬಂಡೆ ಮೇಲೆ ಬೀಜಗಳೇ ತುಂಬಿದ ಹಿಕ್ಕೆ ಬಿದ್ದಿತ್ತು. ನಾಲ್ಕನೇ ಕ್ಲಾಸಿನ ಹುಡುಗಿ ನೋಡಿದ ಕೂಡಲೇ "ಇದು ಪುನುಗು ಬೆಕ್ಕಿನದ್ದು ಟೀಚರ್, ನಮ್ಮ ತೋಟದಲ್ಲೂ ಇರ್ತದೆ" ಎಂದಳು. ಫೋಟೋ ಸಂಜೆ ಹಾಕುತ್ತೇನೆ.